ಮೂಸಿಯ ನೆರೆಯೂ ವಿಶ್ವೇಶ್ವರಯ್ಯನವರೂ

ತುಂಗೆಯ ದಡದಲ್ಲಿ ಬಾಳುವ ಜನಕ್ಕೆ ನೆರೆಯನ್ನು ಅಳೆಯಲು ಅಳತೆಗೋಲು ಬೇಕಾಗಿಲ್ಲ. ಶೃಂಗೇರಿಯ ಹೊಳೆಯಲ್ಲಿ ಕಪ್ಪೆಶಂಕರ ಮುಳುಗಿತೆಂದು ಕೇಳಿದೊಡನೆ ಪೇಟೆಯ ಜನ ಗಾಂಧಿ ಮೈದಾನದ ಕಡೆಗೆ ಕಣ್ಣು ಹಾಯಿಸುತ್ತಾರೆ. ಇನ್ನು ಕೆಲವು ಗಂಟೆಗಳಲ್ಲಿ ನೀರು ಎಲ್ಲಿಗೆ ಬರುವುದೆಂದು ಅವರಿಗೆ ಗೊತ್ತು. ಅದೇ ತುಂಗೆ ಮುಂದೆ ಕೊಪ್ಪ ತಾಲ್ಲೂಕಿನ ಹರಿಹರಪುರವನ್ನು ಹಾದುಹೋಗುತ್ತದೆ. ಬೆಟ್ಟದ ಮತ್ತೊಂದು ಮಗ್ಗುಲಲ್ಲಿ ಬಾಳೆಹೊನ್ನೂರನ್ನು ಬಳಸಿ ನರಸಿಂಹರಾಜಪುರದ ಕಡೆಗೆ ಸಾಗುವವಳು ಭದ್ರೆ. ಗಂಗಾಮೂಲದಲ್ಲಿ ಹುಟ್ಟಿ ಬೇರೆಯಾದ ಈ ಎರಡು ಹೊಳೆಗಳು ಮತ್ತೆ ಒಂದಾಗುವುದು ಕೂಡಲಿಯಲ್ಲಿ. ಮಳೆ ಬಾರದಿದ್ದರೆ ಕಿಗ್ಗದ ಋಷ್ಯಶೃಂಗನಿಗೆ ಮೊರೆ. ಮಳೆ ನಿಲ್ಲದಿದ್ದರೂ ಅವನಿಗೇ ಮೊರೆ. ನಮ್ಮ ಹಿರಿಯರು ಹೊಳೆಯೊಡನೆ ಮಾಡಿಕೊಂಡಿದ್ದ ಒಪ್ಪಂದ ಸರಳವಾದುದು: ಹೊಳೆಯ ದಾರಿಯನ್ನು ಹೊಳೆಗೆ ಬಿಟ್ಟು ತಾವು ಎತ್ತರದಲ್ಲಿ ನಿಲ್ಲುವುದು. ಶೃಂಗೇರಿಯ ವಿದ್ಯಾಶಂಕರ ದೇವಾಲಯವು ಹೊಳೆಯ ದಡದಲ್ಲಿಯೇ ಇದ್ದರೂ ಎತ್ತರವಾದ ಜಗತಿಯ ಮೇಲೆ ಕುಳಿತಿದೆ. ಅಡಿಕೆಯ ತೋಟಗಳಲ್ಲಿ ಬಸಿಗಾಲುವೆಯನ್ನು ತೋಡದೆ ಯಾರೂ ಸಸಿಯನ್ನು ನೆಡುವುದಿಲ್ಲ.

ಆದರೆ ಲಕ್ಷಾಂತರ ಜನ ಹೊಳೆಯ ಮಡಿಲಲ್ಲಿಯೇ ಮನೆಗಳನ್ನು ಕಟ್ಟಿಕೊಂಡ ಮೇಲೆ ಈ ಹಳೆಯ ಒಪ್ಪಂದವು ನಡೆಯುವುದಿಲ್ಲ. ಊರನ್ನು ಎಬ್ಬಿಸಿ ಗುಡ್ಡದ ಮೇಲೆ ಕೂರಿಸಲು ಬಾರದು. ಹೊಳೆಯನ್ನು ಬೇರೆಡೆಗೆ ಹೋಗೆನ್ನಲೂ ಬಾರದು. ದಂಡೆಯನ್ನು ಎತ್ತರಿಸಬೇಕೆ, ಒಡ್ಡನ್ನು ಬಲಪಡಿಸಬೇಕೆ, ಇಲ್ಲವೆ ನೀರನ್ನು ಮೇಲೆಯೇ ತಡೆಯಬೇಕೆ? ಇಂಥ ಪ್ರಶ್ನೆಯನ್ನು ಒಂದು ಮಹಾನಗರದ ಶವಗಳ ನಡುವೆ ನಿಂತು ಎದುರಿಸಬೇಕಾಗಿ ಬಂದವರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಕನ್ನಂಬಾಡಿಯ ಕಟ್ಟೆಯಿಂದ, ಭದ್ರಾವತಿಯ ಕಾರ್ಖಾನೆಯಿಂದ, ಮೈಸೂರು ವಿಶ್ವವಿದ್ಯಾನಿಲಯದಿಂದ ಅವರನ್ನು ನಾವು ಬಲ್ಲೆವು. ಎರಡು ಮೇಣದ ಬತ್ತಿಗಳ ಕಥೆಯನ್ನೂ ಕೈಗಡಿಯಾರದ ಕಥೆಗಳನ್ನೂ ಪ್ರಾಥಮಿಕ ಶಾಲೆಯ ಮಕ್ಕಳೆಲ್ಲ ಬಲ್ಲರು. ಈ ಕಥೆಗಳ ಗದ್ದಲದಲ್ಲಿ ಅವರ ಕೆಲಸವೇ ಮರೆಯಾಗಿದೆಯೆಂದು ನನಗೆ ಅನೇಕ ಸಲ ಅನ್ನಿಸಿದೆ. ಅವರ ಬಾಳಿನ ಮುಕ್ಕಾಲು ಪಾಲು ನೀರಿನೊಡನೆ ನಡೆದ ವ್ಯವಹಾರ. ಅದರಲ್ಲಿಯೂ ನೆರೆಯ ನೀರಿನೊಡನೆ ನಡೆದ ವ್ಯವಹಾರವು ನಮ್ಮ ಸೀಮೆಯವರಿಗೆ ಬೇರೆಯೇ ಅರ್ಥವುಳ್ಳದ್ದು.

ವಿಶ್ವೇಶ್ವರಯ್ಯನವರು ೧೮೬೧ರ ಸೆಪ್ಟೆಂಬರ್ ೧೫ರಂದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ ಸೀಮೆ ಅದು. ಮಳೆಯ ನೀರನ್ನು ಕೆರೆಯಲ್ಲಿ ಹಿಡಿದಿಟ್ಟು, ಅದು ಬತ್ತುವವರೆಗೆ ಬದುಕುವುದು ಅಲ್ಲಿಯವರ ಪದ್ಧತಿ. ಪೂರ್ವಿಕರು ಆಂಧ್ರದ ಮೋಕ್ಷಗುಂಡದಿಂದ ಬಂದು ನೆಲೆಸಿದವರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ಬಡವರು. ಎಳೆಯ ವಯಸ್ಸಿನಲ್ಲಿಯೇ ಅವರನ್ನು ಕಳೆದುಕೊಂಡ ಬಾಲಕನು ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಲ್ಲಿದ್ದು, ಮನೆಪಾಠ ಹೇಳಿ ಕೈಖರ್ಚನ್ನು ಸಂಪಾದಿಸುತ್ತ, ಸೆಂಟ್ರಲ್ ಕಾಲೇಜಿನಲ್ಲಿ ಓದಿ ೧೮೮೧ರಲ್ಲಿ ಬಿ.ಎ. ಪದವಿಯನ್ನು ಪಡೆದನು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, ೧೮೮೩ರ ಪರೀಕ್ಷೆಯಲ್ಲಿ ಮೊದಲನೆಯವನಾಗಿ ತೇರ್ಗಡೆಯಾಗಿ, ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರಾಗಿ ಸೇರಿದನು. ನಾಸಿಕ, ಧುಳೆ, ಸಿಂಧ್ ಪ್ರಾಂತದ ಸಕ್ಕರ್, ಪುಣೆ, ಎಲ್ಲೆಡೆಯೂ ಕಾಲುವೆ, ಕೆರೆ, ಕುಡಿಯುವ ನೀರು.

ಪುಣೆಯ ಬಳಿ ಮುಠಾ ನದಿಗೆ ಅಡ್ಡಲಾಗಿರುವ ಖಡಕ್‌ವಾಸ್ಲಾ ಜಲಾಶಯದಲ್ಲಿ ಅವರು ೧೯೦೩ರ ಹೊತ್ತಿಗೆ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಇಲ್ಲಿ ನೆನೆಯಲೇಬೇಕು. ನಗರಕ್ಕೂ ಗದ್ದೆಗಳಿಗೂ ನೀರು ಸಾಲದಾಗಿತ್ತು. ಮಳೆಗಾಲದಲ್ಲಿ ಕೋಡಿಯ ಮೇಲೆ ಹರಿದುಹೋಗುವ ನೀರಿಗೆ ಮಾತ್ರ ಮಿತಿಯಿರಲಿಲ್ಲ. ಕೋಡಿಯನ್ನು ಕಲ್ಲುಗಾರೆಯಿಂದ ಎತ್ತರಿಸಿದರೆ ನೀರು ಹೆಚ್ಚು ನಿಲ್ಲುವುದು ನಿಜ. ಆದರೆ ದೊಡ್ಡ ನೆರೆ ಬಂದ ದಿನ ನೀರಿಗೆ ದಾರಿ ಸಾಲದೆ ಕಟ್ಟೆಗೇ ಅಪಾಯ ಒದಗುವುದು. ಕಟ್ಟೆಯನ್ನೆಲ್ಲ ಎತ್ತರಿಸಿ ಬಲಪಡಿಸುವುದಕ್ಕೆ ಬೊಕ್ಕಸ ಒಪ್ಪದು. ವಿಶ್ವೇಶ್ವರಯ್ಯನವರು ಕೋಡಿಯ ನೆತ್ತಿಯ ಮೇಲೆ, ನೀರು ಗೊತ್ತಾದ ಮಟ್ಟವನ್ನು ಮುಟ್ಟುವವರೆಗೆ ಮುಚ್ಚಿಕೊಂಡಿದ್ದು, ಅದನ್ನು ಮೀರಿದೊಡನೆ ತಾವಾಗಿಯೇ ತೆರೆದುಕೊಳ್ಳುವ, ಇಳಿದಾಗ ತಾವಾಗಿಯೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ನಿಲ್ಲಿಸಿದರು. ಇದರಿಂದ ಜಲಾಶಯದ ಮಟ್ಟವು ಸುಮಾರು ೮ ಅಡಿಗಳಷ್ಟು ಹೆಚ್ಚಿತು. ಕಟ್ಟೆಯನ್ನು ಮಾತ್ರ ಒಂದಂಗುಲವೂ ಎತ್ತರಿಸಿರಲಿಲ್ಲ. ನಡುರಾತ್ರಿಯಲ್ಲಿ ನೆರೆ ಬಂದರೆ ಕಾವಲುಗಾರನು ಎದ್ದಾನೋ ಇಲ್ಲವೋ ಎಂಬ ಸಂದೇಹಕ್ಕೂ ಅಲ್ಲಿ ಎಡೆಯಿಲ್ಲ. ನೀರನ್ನು ಗೋಡೆಯಿಂದ ಸೋಲಿಸುವ ಹಟ ಈ ಉಪಾಯದಲ್ಲಿಲ್ಲ. ನೀರು ಎಷ್ಟು ಬರುತ್ತದೆ, ಯಾವಾಗ ಬರುತ್ತದೆ, ಅದಕ್ಕೆ ಎಲ್ಲಿ ದಾರಿ ಕೊಡಬೇಕು ಎಂಬ ಲೆಕ್ಕವೇ ಅದರ ಜೀವ. ಮುಂದಿನ ಮೂವತ್ತೈದು ವರ್ಷಗಳ ಅವರ ಆಲೋಚನೆಯೂ ಇದೇ ಜಾಡಿನಲ್ಲಿ ಸಾಗಿತು.

ಇಪ್ಪತ್ತನಾಲ್ಕು ವರ್ಷಗಳ ಕಾಲ ದುಡಿದ ಮೇಲೆ ಅವರು ಮುಂಬಯಿಯ ನೌಕರಿಯನ್ನು ತಾವಾಗಿಯೇ ಬಿಟ್ಟರು. ಇಲಾಖೆಯ ಅತ್ಯುನ್ನತ ಪೀಠವು ಆಗಿನ ದಿನಗಳಲ್ಲಿ ಭಾರತೀಯನಿಗೆ ದೊರಕುವಂತಿರಲಿಲ್ಲ; ದೊರಕದ ಪೀಠದ ನೆರಳಿನಲ್ಲಿ ಕಾಯುತ್ತ ಕುಳಿತುಕೊಳ್ಳುವ ಮನಸ್ಸೂ ಅವರದಲ್ಲ. ವಿದೇಶಗಳಲ್ಲಿ ನೀರಿನ ಕೆಲಸಗಳನ್ನು ನೋಡಿಬರಲೆಂದು ಅವರು ಹೊರಟ ಕಾಲದಲ್ಲಿಯೇ ಹೈದರಾಬಾದಿನ ದುರಂತವು ನಡೆಯಿತು.

೧೯೦೮ರ ಸೆಪ್ಟೆಂಬರ್ ತಿಂಗಳ ಕೊನೆ. ಹೈದರಾಬಾದಿನ ನಡುವೆ ಹರಿಯುವ ಮೂಸಿ ಎಂಥ ನದಿ? ಬೇಸಗೆಯಲ್ಲಿ ಮಕ್ಕಳು ದಾಟುವಂಥದು. ಅದರ ಉಪನದಿ ಈಸಿ ಇನ್ನೂ ಸಣ್ಣದು. ಸೆಪ್ಟೆಂಬರ್ ೨೮ರಂದು ಆ ನದಿ ನಗರದ ಮೇಲೆ ನುಗ್ಗಿತು. ಸಮೀಪದ ಶಂಷಾಬಾದಿನಲ್ಲಿ ೨೪ ಗಂಟೆಗಳಲ್ಲಿ ೧೨.೮ ಅಂಗುಲ ಮಳೆ ಸುರಿದಿತ್ತು. ವರ್ಷಕ್ಕೆ ೩೦೦ ಅಂಗುಲದ ಸುಮಾರಿನಲ್ಲಿ ಮಳೆ ಕಾಣುವ ಆಗುಂಬೆಯ ನೆರೆಯವರಾದ ನಮಗೆ ಇದು ಭಯಂಕರವೆನಿಸದಿರಬಹುದು. ಆದರೆ ನಮ್ಮ ಮಳೆಯನ್ನು ಮೊದಲು ಎದುರುಗೊಳ್ಳುವುದು ಕಾಡು, ತರಗೆಲೆ, ಹುಲ್ಲುಬೇಣ. ಆಮೇಲೆ ಆಳವಾದ ಕಣಿವೆಗಳು. ದಖ್ಖನಿನ ಬರಿಯ ಬಂಡೆನೆಲದ ಮೇಲೆ ಬಿದ್ದ ಅಷ್ಟೇ ಮಳೆ ನಿಂತು ಯೋಚಿಸುವುದಿಲ್ಲ. ಸಾವಿರಾರು ಜನ ಸತ್ತರು. ಸುಮಾರು ೧೯,೦೦೦ ಮನೆಗಳು ಕುಸಿದವು. ೮೦,೦೦೦ ಜನಕ್ಕೆ ತಲೆಯ ಮೇಲೆ ಸೂರಿಲ್ಲದಂತಾಯಿತು. ಅಫ್ಜಲ್‌ಗಂಜಿನ ಆಸ್ಪತ್ರೆಯ ತೋಟದಲ್ಲಿದ್ದ ಒಂದು ಹುಣಿಸೆಯ ಮರವನ್ನು ಹತ್ತಿ ನೂರೈವತ್ತು ಜನ ಬದುಕಿಕೊಂಡರೆಂದು ಆ ನಗರದವರು ಮರವನ್ನು ತೋರಿಸುತ್ತ ಬಂದಿದ್ದಾರೆ. ನಿಜಾಮ ಮಹಬೂಬ್ ಅಲಿ ಖಾನರು ಅರಮನೆಯ ಬಾಗಿಲುಗಳನ್ನು ನಿರಾಶ್ರಿತರಿಗೆ ತೆರೆಸಿದರು. ನೀರು ಇಳಿದ ಮೇಲೆ ಉಳಿದ ಪ್ರಶ್ನೆ ಒಂದೇ: ಮುಂದಿನ ಸಲ?

ಆ ಪ್ರಶ್ನೆಗೆ ಉತ್ತರ ಹೇಳಬೇಕೆಂದು ನಿಜಾಮರ ಸರ್ಕಾರವು ವಿಶ್ವೇಶ್ವರಯ್ಯನವರನ್ನು ಬೇಡಿಕೊಂಡಿತು. ಪ್ರವಾಸವನ್ನು ಮುಗಿಸಿ ೧೯೦೯ರ ಏಪ್ರಿಲಿನಲ್ಲಿ ಅವರು ಹೈದರಾಬಾದಿಗೆ ಬಂದರು. ನದಿ ಆಗ ಬತ್ತಿ ಮಲಗಿತ್ತು. ಗೋಡೆಗಳ ಮೇಲೆ ನೆರೆ ಬಿಟ್ಟುಹೋದ ಕಲೆಗಳಿದ್ದವು. ಅಂಥ ಕಲೆಗಳೇ ಇಂಜಿನಿಯರನಿಗೆ ಶಾಸನಗಳು. ಕಲೆಯ ಎತ್ತರದಿಂದ ನದಿಯ ಅಂದಿನ ಅಗಲವನ್ನೂ ಆಳವನ್ನೂ, ಇಳಿಜಾರಿನಿಂದ ಅದರ ವೇಗವನ್ನೂ ಗೊತ್ತುಮಾಡಿ, ಎರಡನ್ನೂ ಗುಣಿಸಿದರೆ ಕ್ಷಣಕ್ಕೆ ಎಷ್ಟು ನೀರು ಹರಿಯಿತೆಂಬುದು ತಿಳಿಯುತ್ತದೆ. ಮೂಸಿಯ ಪ್ರವಾಹವು ಏರುವ ತುದಿಗೇರಿದಾಗ ಸೆಕೆಂಡಿಗೆ ೪,೨೫,೦೦೦ ಘನ ಅಡಿ ಎಂಬ ಲೆಕ್ಕ ಬಂದಿತು. ಶಿಲಾಶಾಸನದ ತ್ರುಟಿತ ಅಕ್ಷರಗಳಿಂದ ರಾಜನ ಕಾಲವನ್ನು ಕಂಡುಹಿಡಿಯುವ ನಮ್ಮ ವಿದ್ವಾಂಸರ ಶ್ರಮಕ್ಕೆ ಇದು ಕಡಮೆಯಾದುದಲ್ಲ. ಅಲ್ಲಿ ತಪ್ಪಿದರೆ ಒಂದು ಲೇಖನ ಕೆಡುತ್ತದೆ, ಇಲ್ಲಿ ತಪ್ಪಿದರೆ ಊರು ಮುಳುಗುತ್ತದೆ.

ಈ ಲೆಕ್ಕಕ್ಕಿಂತಲೂ ಮುಖ್ಯವಾದ ಸಂಗತಿಯೊಂದು ಮೇಲಣ ಹಳ್ಳಿಗಳಲ್ಲಿತ್ತು. ಮೂಸಿಗೆ ನೀರನ್ನು ಕೊಡುವ ಸೀಮೆಯಲ್ಲಿ ೭೮೮ ಕೆರೆಗಳು, ಚದರ ಮೈಲಿಗೆ ಹೆಚ್ಚುಕಡಿಮೆ ಒಂದರಂತೆ, ಹರಡಿದ್ದವು. ಆ ಎರಡು ದಿನಗಳ ಮಳೆಯಲ್ಲಿ ೨೨೧ ಕೆರೆಗಳು ಒಡೆದಿದ್ದವು. ಬಹುಪಾಲು ಈಸಿಯ ಕಡೆಯವು.

ಕೆರೆಯ ಏರಿ ಹೇಗೆ ಒಡೆಯುತ್ತದೆಂಬುದನ್ನು ಸ್ವಲ್ಪ ವಿವರಿಸಬೇಕಾಗಿದೆ. ಏಕೆಂದರೆ ನದಿಯ ದಂಡೆಯ ಒಡ್ಡಿಗೂ ಇದೇ ನ್ಯಾಯ. ಮಣ್ಣಿನ ಏರಿಗೆ ಮೂರು ಶತ್ರುಗಳು. ಮೊದಲನೆಯದು ಮೇಲಿಂದ ಬರುವುದು: ಕೋಡಿ ಕಿರಿದಾಗಿ ನೀರು ಏರಿಯ ನೆತ್ತಿಯನ್ನು ದಾಟಿ ಹಿಂಬದಿಯ ಇಳಿಜಾರಿನಲ್ಲಿ ಹರಿದರೆ, ಮಣ್ಣು ಕೊಚ್ಚಿಕೊಂಡು ಹೋಗಲು ಹೆಚ್ಚು ಹೊತ್ತು ಬೇಡ. ಎರಡನೆಯದು ಒಳಗಿಂದ ಬರುವುದು: ಇಲಿ, ಏಡಿ, ಗೆದ್ದಲು ತೋಡಿದ ಬಿಲದಲ್ಲಿಯೋ ಸತ್ತ ಮರದ ಬೇರು ಕೊಳೆತ ಜಾಗದಲ್ಲಿಯೋ ನೂಲಿನಷ್ಟು ನೀರು ಹಾದಿಯನ್ನು ಕಂಡುಕೊಂಡು, ಮಣ್ಣಿನ ಕಣಗಳನ್ನು ಹೊತ್ತು ಹೊರಬರುತ್ತದೆ. ಹಿಂಬದಿಯಲ್ಲಿ ಒಸರುವ ನೀರು ತಿಳಿಯಾಗಿದ್ದರೆ ಭಯ ಕಡಮೆ. ಕದಡಿದ್ದರೆ ಏರಿ ಒಳಗೆ ಕರಗುತ್ತಿದೆಯೆಂದೇ ಅರ್ಥ. ನಮ್ಮ ಹಳೆಯ ಕೆರೆಗಳ ನೀರುಗಂಟಿಗಳು ಇದನ್ನು ಯಾವ ಕಾಲೇಜಿನಲ್ಲಿಯೂ ಓದದೆ ಬಲ್ಲವರಾಗಿದ್ದರು. ಮೂರನೆಯದು ಭಾರದಿಂದ ಬರುವುದು: ದಿನಗಟ್ಟಲೆ ನೆನೆದ ಮಣ್ಣು ತನ್ನ ತೂಕವನ್ನು ತಾನೇ ತಾಳಲಾರದೆ ಮಗ್ಗುಲಿಗೆ ಜಾರುವುದು. ಆದುದರಿಂದ ಒಡ್ಡನ್ನು ಬಲಪಡಿಸುವುದೆಂದರೆ ಮೇಲೆ ನಾಲ್ಕು ಬುಟ್ಟಿ ಮಣ್ಣನ್ನು ಸುರಿಯುವುದಲ್ಲ. ಬುಡವನ್ನು ಅಗಲಿಸಬೇಕು, ಹೊಸ ಮಣ್ಣು ಹಳೆಯದರೊಡನೆ ಬೆಸೆಯುವಂತೆ ಹಳೆಯ ಮೈಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ತೆಳ್ಳನೆಯ ಪದರಗಳಲ್ಲಿ ಹಾಕಿ ದಿಮ್ಮಸು ಹೊಡೆಯಬೇಕು, ನಡುವೆ ಜೇಡಿಯ ಗೋಡೆ, ನೀರಿನ ಕಡೆಗೆ ಕಲ್ಲಿನ ಹೊದಿಕೆ, ಹಿಂದೆ ಹುಲ್ಲಿನ ಹಾಸು, ಪಾದದಲ್ಲಿ ಒಸರನ್ನು ಹೊರಕ್ಕೆ ಒಯ್ಯುವ ಕಲ್ಲಿನ ಬಸಿಗಾಲುವೆ ಇರಬೇಕು. ಇಷ್ಟನ್ನೂ ಮಾಡಿ ಕೋಡಿಯನ್ನು ಅಗಲಿಸದಿದ್ದರೆ ಮಾಡಿದ್ದೆಲ್ಲ ವ್ಯರ್ಥ.

ಸಾಲುಗೆರೆಗಳಲ್ಲಿ ಇನ್ನೊಂದು ಅಪಾಯವುಂಟು. ಮೇಲಿನ ಕೆರೆ ಒಡೆದರೆ ಅದರ ನೀರೆಲ್ಲ ಒಮ್ಮೆಗೇ ಕೆಳಗಿನ ಕೆರೆಯ ಮೇಲೆ ಬೀಳುತ್ತದೆ. ಅದೂ ಒಡೆದು ಮೂರನೆಯದರ ಮೇಲೆ. ಆಕಾಶದಿಂದ ಬಿದ್ದ ಮಳೆಗೆ ವರ್ಷಗಳ ಸಂಚಯವೂ ಕೂಡಿಕೊಳ್ಳುತ್ತದೆ. ಹೈದರಾಬಾದನ್ನು ಕೊಚ್ಚಿದ ನೀರಿನಲ್ಲಿ ದೇವರು ಸುರಿಸಿದ್ದು ಎಷ್ಟು, ಮನುಷ್ಯರು ಕಟ್ಟಿಟ್ಟು ಕೈಬಿಟ್ಟದ್ದು ಎಷ್ಟು ಎಂಬ ವಿಂಗಡಣೆಯ ವಿಚಾರ ಇಲ್ಲಿಂದಲೇ ಹುಟ್ಟುತ್ತದೆ. ನೆರೆಯನ್ನು ದೈವಕೋಪವೆಂದು ಕೈಮುಗಿದು ಬಿಡುವವರಿಗೆ ಈ ವಿಂಗಡಣೆ ಬೇಡವಾದದ್ದು. ಹೊಣೆ ಹೊರಬೇಕಾದವರಿಗೆ ಅದೇ ಮೊದಲ ಪಾಠ.

ನಗರದ ದಂಡೆಗಳನ್ನು ಎತ್ತರಿಸಿ ಗೋಡೆ ಕಟ್ಟಿಬಿಟ್ಟರೆ ಸಾಲದೆ ಎಂಬುದು ಯಾರಿಗಾದರೂ ಮೊದಲು ತೋಚುವ ಮಾತು. ನಾಲ್ಕು ಲಕ್ಷ ಘನ ಅಡಿಗೂ ಮೀರಿದ ನೀರನ್ನು ಮನೆಗಳ ನಡುವಿನ ಇಕ್ಕಟ್ಟಾದ ಪಾತ್ರದಲ್ಲಿ ಗೋಡೆಗಳಿಂದಲೇ ಹಿಡಿದು ಸಾಗಿಸಬೇಕಾದರೆ ಆ ಗೋಡೆಗಳು ಎಷ್ಟು ಎತ್ತರವಾಗಬೇಕು! ಎತ್ತರವಾದ ಗೋಡೆಯೊಂದು ಒಡೆದರೆ ಗೋಡೆಯೇ ಇಲ್ಲದ ಊರಿಗಿಂತ ಹೆಚ್ಚಿನ ಹಾನಿ. ಆದುದರಿಂದ ವಿಶ್ವೇಶ್ವರಯ್ಯನವರು ಕೆಲಸವನ್ನು ಎರಡಾಗಿ ಹಂಚಿದರು. ನಗರಕ್ಕೆ ಕೆಲವೇ ಮೈಲಿ ಮೇಲೆ, ಮೂಸಿಗೆ ಒಂದು, ಈಸಿಗೆ ಒಂದು, ಎರಡು ದೊಡ್ಡ ಜಲಾಶಯಗಳು. ಅವುಗಳ ಮೇಲಣ ಭಾಗವನ್ನು ನೆರೆಗೆಂದೇ ಖಾಲಿಯಾಗಿ ಕಾಯ್ದಿರಿಸುವುದು. ನೆರೆ ಬಂದಾಗ ಅದರ ತಲೆಯನ್ನು ಇವು ಹಿಡಿದು, ನಗರದ ಪಾತ್ರವು ತಾಳಬಲ್ಲಷ್ಟನ್ನು ಮಾತ್ರ ಬಿಡುವುವು. ಎರಡನೆಯದಾಗಿ, ಆ ಅಳತೆಯ ನೀರಿಗೆ ತಕ್ಕಂತೆ ನಗರದೊಳಗಿನ ದಂಡೆಗಳನ್ನು ಎತ್ತರಿಸಿ, ಗೋಡೆಗಟ್ಟಿ, ಪಾತ್ರದಲ್ಲಿನ ಅಡ್ಡಿಗಳನ್ನು ತೆಗೆದು, ಅಂಚಿನಲ್ಲಿ ಮನೆಗಳಿಗೆ ಬದಲು ರಸ್ತೆಗಳನ್ನೂ ಉದ್ಯಾನಗಳನ್ನೂ ಇಡುವುದು. ಉದ್ಯಾನವು ಬರಿಯ ಅಲಂಕಾರವಲ್ಲ. ಒಂದು ದಿನ ಮುಳುಗಿದರೂ ಯಾರೂ ಸಾಯದ ಜಾಗ ಅದು. ದಂಡೆಯನ್ನು ಬಲಪಡಿಸುವ ಮೊದಲು ದಂಡೆಯ ಮೇಲೆ ಬೀಳುವ ಹೊರೆಯನ್ನು ಇಳಿಸಬೇಕೆಂಬ ಈ ಕ್ರಮವು ಇಂದು ಸಹಜವಾಗಿ ಕಾಣುತ್ತದೆ. ಅಂದಿನ ದಿನಕ್ಕೆ, ಹಣ ಹಾಕಬೇಕಾದ ಸರ್ಕಾರಕ್ಕೆ, ಅದು ಸಹಜವಾಗಿ ಕಂಡಿರಲಾರದು.

ಏಳು ತಿಂಗಳೊಳಗೆ ಈ ಕೆಲಸವನ್ನೆಲ್ಲ ಮುಗಿಸಿ, ನವೆಂಬರಿನಲ್ಲಿ ಅವರು ಮೈಸೂರಿನ ಚೀಫ್ ಇಂಜಿನಿಯರ್ ಆಗಿ ಬಂದುಬಿಟ್ಟರು. ಯೋಜನೆಗಳನ್ನು ಕಟ್ಟಿ ನಿಲ್ಲಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು ಹೈದರಾಬಾದಿನವರೇ ಆದ ಇಂಜಿನಿಯರ್ ಅಲಿ ನವಾಜ್ ಜಂಗರಿಗೆ ಸಲ್ಲಬೇಕು. ಕನ್ನಡಿಗರಾದ ನಾವು ಅವರ ಹೆಸರನ್ನು ಹೇಳುವುದೇ ಇಲ್ಲ; ಹೇಳಿದರೆ ನಮ್ಮವರ ಕೀರ್ತಿ ಕುಂದುವುದಿಲ್ಲ. ಮೂಸಿಯ ಮೇಲಿನ ಉಸ್ಮಾನ್ ಸಾಗರವು ೧೯೨೦ರಲ್ಲಿಯೂ ಈಸಿಯ ಮೇಲಿನ ಹಿಮಾಯತ್ ಸಾಗರವು ೧೯೨೭ರಲ್ಲಿಯೂ ಮುಗಿದವು. ಒಂದಕ್ಕೆ ನಿಜಾಮರ ಹೆಸರು, ಇನ್ನೊಂದಕ್ಕೆ ಅವರ ಮಗನದು. ೧೯೧೨ರಲ್ಲಿ ಏರ್ಪಟ್ಟ ನಗರಾಭಿವೃದ್ಧಿ ಮಂಡಲಿಯ ಕಾಲದಲ್ಲಿ ನದಿಯ ದಡವು ಹೊಸ ರೂಪವನ್ನು ತಾಳಿತು. ಉಚ್ಚನ್ಯಾಯಾಲಯವೂ ಉಸ್ಮಾನಿಯಾ ಆಸ್ಪತ್ರೆಯೂ ನೆರೆ ಕೊಚ್ಚಿದ ದಡದಲ್ಲಿ ಎದ್ದುನಿಂತವು. ಆ ಎರಡು ಸಾಗರಗಳು ಬಹುಕಾಲ ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು. ೨೦೨೦ರ ಅಕ್ಟೋಬರಿನಲ್ಲಿ ಹೈದರಾಬಾದು ಮತ್ತೊಮ್ಮೆ ಮುಳುಗಿದಾಗ ಊರೊಳಗಿನ ಕೆರೆಗಳ ಏರಿ ಒಡೆದದ್ದೂ ಕೆರೆಯ ಅಂಗಳದಲ್ಲಿ ಮನೆಗಳೆದ್ದಿದ್ದದ್ದೂ ಸುದ್ದಿಯಾಯಿತು. ೧೯೦೮ರ ಕೆರೆಗಳ ಲೆಕ್ಕವನ್ನು ಓದಿದವರಿಗೆ ಅದರಲ್ಲಿ ಹೊಸತೇನೂ ಕಾಣದು.

ಮೈಸೂರಿನ ಕಾಲವನ್ನು ಬೇಗನೆ ದಾಟುತ್ತೇನೆ. ಅದು ಎಲ್ಲರೂ ಬಲ್ಲ ಅಧ್ಯಾಯ. ೧೯೧೧ರಲ್ಲಿ ಕಾವೇರಿಗೆ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಮೊದಲಾಯಿತು. ಸುಣ್ಣ ಸುರ್ಕಿಯ ಗಾರೆಯಿಂದ ಎದ್ದ ಆ ಕಟ್ಟೆ ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. ೧೯೧೨ರಿಂದ ೧೯೧೮ರವರೆಗೆ ಅವರು ದಿವಾನರಾಗಿದ್ದರು. ೧೯೧೫ರಲ್ಲಿ ಸಾಹಿತ್ಯ ಪರಿಷತ್ತು, ೧೯೧೬ರಲ್ಲಿ ವಿಶ್ವವಿದ್ಯಾನಿಲಯ. ನಮ್ಮ ಸೀಮೆಗೆ ಸಂಬಂಧಪಟ್ಟ ಒಂದು ಮಾತನ್ನು ಮಾತ್ರ ಬಿಡಲಾಗದು. ಚಳಿಜ್ವರದಿಂದ ಮಲೆನಾಡಿನ ತಾಲ್ಲೂಕುಗಳಲ್ಲಿ ಜನಸಂಖ್ಯೆ ಇಳಿಯುತ್ತಿದ್ದ ಆ ದಿನಗಳಲ್ಲಿ ಮಲೆನಾಡಿನ ಸುಧಾರಣೆಗೆಂದೇ ಪ್ರತ್ಯೇಕವಾದ ಯೋಜನೆಯೊಂದನ್ನು ಅವರ ಸರ್ಕಾರ ಕೈಗೊಂಡಿತು. ಎಡೆಹಳ್ಳಿಯು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಹೊತ್ತು ನರಸಿಂಹರಾಜಪುರವಾದದ್ದೂ, ತರೀಕೆರೆಯಿಂದ ಅಲ್ಲಿಯವರೆಗೆ ಕಾಡಿನ ನಡುವೆ ಕಿರಿಹಳಿಯ ಟ್ರಾಂ ಬಂಡಿ ಓಡಿದ್ದೂ ಅವರ ದಿವಾನಗಿರಿಯ ಕಾಲದ ಸಂಗತಿಗಳು. ಆ ಹಳಿಯನ್ನು ಕಿತ್ತು ಎಷ್ಟೋ ಕಾಲವಾಯಿತು.

ಅವರು ಪದವಿಯನ್ನು ಬಿಟ್ಟ ಸಂದರ್ಭವನ್ನು ನಮ್ಮ ಚರಿತ್ರಕಾರರು ಮೃದುವಾಗಿ ಹೇಳಿ ಮುಗಿಸುವುದುಂಟು. ಹಿಂದುಳಿದ ವರ್ಗಗಳಿಗೆ ಸರ್ಕಾರದ ನೌಕರಿಗಳಲ್ಲಿ ಸ್ಥಾನಗಳನ್ನು ಕಾದಿರಿಸುವ ವಿಚಾರದಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಅವರಿಗೂ ಅಭಿಪ್ರಾಯ ಹೊಂದಲಿಲ್ಲ. ಆ ವಿಚಾರಕ್ಕೆಂದು ಸರ್ ಲೆಸ್ಲಿ ಮಿಲ್ಲರರ ಸಮಿತಿ ಏರ್ಪಟ್ಟ ವರ್ಷವೇ, ೧೯೧೮ರಲ್ಲಿ, ಅವರು ನಿವೃತ್ತರಾದರು. ಅರ್ಹತೆಯೊಂದೇ ಅಳತೆಯಾಗಬೇಕೆಂಬುದು ಅವರ ನಿಲುವು. ಮೇಲೆ ಯಾವ ಕೆರೆಯಲ್ಲಿ ನೀರು ಎಷ್ಟು ಕಾಲದಿಂದ ತುಂಬಿಕೊಂಡು ಬಂದಿದೆಯೆಂಬುದನ್ನು ಅಷ್ಟು ನಿಷ್ಠುರವಾಗಿ ಲೆಕ್ಕ ಹಾಕಬಲ್ಲವರು, ಸಮಾಜದಲ್ಲಿ ಅವಕಾಶವು ಎಲ್ಲಿ ತುಂಬಿ ಎಲ್ಲಿ ಬತ್ತಿದೆಯೆಂಬ ಲೆಕ್ಕವನ್ನು ಒಪ್ಪಲಿಲ್ಲ. ಈ ವಿಷಯದಲ್ಲಿ ಮಹಾರಾಜರೇ ಮುಂದೆ ಕಂಡವರೆಂದು ನಾನು ತಿಳಿಯುತ್ತೇನೆ.

ನೆರೆ ಅವರನ್ನು ಮತ್ತೆ ಕರೆದದ್ದು ಎಪ್ಪತ್ತಾರನೆಯ ವಯಸ್ಸಿನಲ್ಲಿ. ಒರಿಸ್ಸದ ಮಹಾನದಿಯ ಮುಖಜಭೂಮಿಯಲ್ಲಿ ಅತಿವೃಷ್ಟಿಯಿಂದ ಊರುಗಳು ಮುಳುಗಿ ಏಳುವುದು ವಾಡಿಕೆಯಾಗಿತ್ತು. ೧೯೩೭ರಲ್ಲಿ ಗಾಂಧೀಜಿಯವರ ಸೂಚನೆಯಂತೆ ಅಲ್ಲಿಯ ಸರ್ಕಾರವು ವಿಶ್ವೇಶ್ವರಯ್ಯನವರ ಸಲಹೆಯನ್ನು ಬೇಡಿತು. ಯಂತ್ರಗಳ ವಿಷಯದಲ್ಲಿ ಎರಡು ಧ್ರುವಗಳಂತಿದ್ದ ಇಬ್ಬರು ನೀರಿನ ವಿಷಯದಲ್ಲಿ ಹೀಗೆ ಒಂದೆಡೆ ಕೂಡಿದರು. ಮುಪ್ಪಿನಲ್ಲಿಯೂ ಅವರು ಆ ನಾಡಿಗೆ ಹೋಗಿ, ನೋಡಿ, ವರದಿಯನ್ನು ಬರೆದುಕೊಟ್ಟರು.

ಒರಿಸ್ಸದ ಸಮಸ್ಯೆ ಮೂಸಿಗಿಂತ ಜಟಿಲವಾದುದು. ಅಲ್ಲಿ ಒಡ್ಡುಗಳು ಇರಲಿಲ್ಲವೆಂದಲ್ಲ, ಬೇಕಾದಷ್ಟಿದ್ದವು. ಕಂದಾಯದ ಗದ್ದೆಗಳನ್ನು ಕಾಯಲೆಂದು ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಸರ್ಕಾರವೂ ಜಮೀನುದಾರರೂ ನದಿಯ ಕವಲುಗಳಿಗೆ ಮಣ್ಣಿನ ಒಡ್ಡುಗಳನ್ನು ಹಾಕುತ್ತ ಬಂದಿದ್ದರು. ನೆರೆಯೊಡನೆ ಬಂದು ಬಯಲಿನ ಮೇಲೆ ಹರಡಬೇಕಾದ ಮೆಕ್ಕಲು ಮಣ್ಣು ಒಡ್ಡುಗಳ ನಡುವೆಯೇ ಕೆಳಗಿಳಿಯಿತು. ನದಿಯ ತಳ ಏರಿತು. ತಳ ಏರಿದಷ್ಟೂ ಒಡ್ಡನ್ನು ಎತ್ತರಿಸಬೇಕಾಯಿತು. ಎತ್ತರಿಸಿದಷ್ಟೂ ಒಡೆದಾಗಿನ ಹಾನಿ ಹೆಚ್ಚಿತು. ಚೀನದ ಹಳದಿ ನದಿ ಹೀಗೆಯೇ ಸುತ್ತಣ ಬಯಲಿಗಿಂತ ಎತ್ತರದಲ್ಲಿ ಹರಿಯುವಂತಾಗಿದೆ. ೧೯೨೮ರಲ್ಲಿ ಒರಿಸ್ಸದ ನೆರೆಗಳನ್ನು ವಿಚಾರಿಸಿದ ಸಮಿತಿಯು, ನೆರೆಯನ್ನು ತಡೆಯುವ ಯೋಚನೆಯನ್ನೇ ಬಿಟ್ಟು ಅದನ್ನು ಬೇಗನೆ ಸಮುದ್ರಕ್ಕೆ ಸಾಗಿಸುವುದನ್ನು ನೋಡಬೇಕೆಂದೂ, ಒಡ್ಡುಗಳೇ ರೋಗದ ಭಾಗವೆಂದೂ ಅಭಿಪ್ರಾಯಪಟ್ಟಿತ್ತು. ಒಡ್ಡಿನ ಹಿಂದೆ ಮನೆ ಕಟ್ಟಿಕೊಂಡು ಮೂರು ತಲೆಮಾರು ಬಾಳಿದವರಿಗೆ ಆ ಒಡ್ಡನ್ನು ತೆಗೆಯುತ್ತೇವೆಂದು ಹೇಳುವವರು ಯಾರು? ಬಿಹಾರದ ಕೋಸಿಗೆ ೧೯೫೦ರ ದಶಕದಲ್ಲಿ ಕಟ್ಟಿದ ಒಡ್ಡು ೨೦೦೮ರ ಆಗಸ್ಟಿನಲ್ಲಿ ನೇಪಾಳದ ಕುಸಹಾದ ಬಳಿ ಒಡೆದು, ನದಿ ತಾನು ಬಿಟ್ಟುಬಂದಿದ್ದ ಹಳೆಯ ಹಾದಿಗಳನ್ನು ಹುಡುಕಿಕೊಂಡು ಹೋದದ್ದನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಒಡ್ಡಿನ ವಿದ್ಯೆಯಲ್ಲಿ ಲೋಕಕ್ಕೇ ಗುರುಗಳಾದ ಹಾಲೆಂಡಿನವರು ಸಹ ೧೯೫೩ರ ಫೆಬ್ರವರಿಯ ಒಂದು ರಾತ್ರಿಯಲ್ಲಿ ೧,೮೦೦ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡರು.

ವಿಶ್ವೇಶ್ವರಯ್ಯನವರು ಇಲ್ಲಿಯೂ ಆತುರದ ಮದ್ದನ್ನು ಹೇಳಲಿಲ್ಲ. ಮೊದಲು ಅಳೆಯಿರಿ ಎಂಬುದೇ ಅವರ ಸಲಹೆಯ ತಿರುಳು: ಮಳೆ ಎಷ್ಟು, ಕವಲುಗಳಲ್ಲಿ ನೀರು ಎಷ್ಟು, ತಳ ಎಲ್ಲಿ ಎಷ್ಟು ಏರಿದೆ ಎಂಬ ವಿವರಗಳನ್ನು ಕೂಡಿಸದೆ ಒಡ್ಡಿನ ಮೇಲೆ ಹಣ ಚೆಲ್ಲಬಾರದು. ಮೇಲ್ದಂಡೆಯಲ್ಲಿ ಜಲಾಶಯಗಳನ್ನು ನಿರ್ಮಿಸಿ ನೆರೆಯ ತಲೆಯನ್ನು ಹಿಡಿಯುವ ಸಾಧ್ಯತೆಯನ್ನೂ ಅವರು ಮುಂದಿಟ್ಟರು. ಮಹಾನದಿಗೆ ಹಿರಾಕುಡ್ ಅಣೆಕಟ್ಟು ೧೯೫೭ರಲ್ಲಿ ಉದ್ಘಾಟನೆಯಾಯಿತು. ಆ ಆಲೋಚನೆಯ ಮೊಳಕೆಗಳಲ್ಲಿ ಇದೂ ಒಂದೆಂದು ಬಲ್ಲವರು ಎಣಿಸುತ್ತಾರೆ.

ಈ ಮೇಲ್ದಂಡೆಯ ಉಪಾಯಕ್ಕೆ ಬೆಲೆಯೊಂದುಂಟು. ಆ ಬೆಲೆಯನ್ನು ತೆರುವವರು ಕೆಳಗಿನ ನಗರದವರಲ್ಲ. ನರಸಿಂಹರಾಜಪುರದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟನ್ನು ಕಟ್ಟುವ ಕೆಲಸ ೧೯೪೭ರಲ್ಲಿ ಆರಂಭವಾಗಿ ೧೯೬೦ರ ದಶಕದಲ್ಲಿ ಮುಗಿಯಿತು. ನಮ್ಮ ಜನ ನಾಡಿನ ಪ್ರತಿಯೊಂದು ಅಣೆಕಟ್ಟನ್ನೂ ವಿಶ್ವೇಶ್ವರಯ್ಯನವರ ಹೆಸರಿಗೆ ಬರೆದುಬಿಡುವುದುಂಟು. ಲಕ್ಕವಳ್ಳಿಯದು ಅವರ ಕೃತಿಯಲ್ಲ. ಅದು ನೆರೆಗಿಂತ ಮಿಗಿಲಾಗಿ ನೀರಾವರಿಗೆಂದು ಕಟ್ಟಿದುದು. ಆದರೂ ನೀರನ್ನು ಮೇಲೆ ಹಿಡಿದು ಕೆಳಗಿನವರನ್ನು ಪೊರೆಯುವ ಅವರ ಕಾಲದ ನಂಬಿಕೆಯೇ ಅದರ ತಳಹದಿ. ೧೮೬ ಅಡಿಯ ಮಟ್ಟಕ್ಕೆ ನೀರು ತುಂಬಿದ ಸುದ್ದಿಯನ್ನು ದಾವಣಗೆರೆಯ ಬಯಲಿನ ಭತ್ತದ ರೈತನು ಸಂತೋಷದಿಂದ ಓದುತ್ತಾನೆ. ಅದೇ ನೀರಿನ ಕೆಳಗೆ ಗದ್ದೆ, ತೋಟ, ಕುಲದೇವರ ಬನವನ್ನು ಬಿಟ್ಟು ಎದ್ದುಹೋದ ಮನೆತನಗಳು ಈ ತಾಲ್ಲೂಕಿನವು. ಕನ್ನಂಬಾಡಿ ಎಂಬ ಊರೂ, ಅಲ್ಲಿಯ ವೇಣುಗೋಪಾಲನ ಗುಡಿಯೂ ಕಾವೇರಿಯ ನೀರಿನಲ್ಲಿ ಹೀಗೆಯೇ ಮುಳುಗಿದವು. ವಿಶ್ವೇಶ್ವರಯ್ಯನವರ ಲೆಕ್ಕದಲ್ಲಿ ಮುಳುಗಡೆಗೆ ಪರಿಹಾರದ ಹಣವಿತ್ತು, ಬದಲಿ ಭೂಮಿಯಿತ್ತು. ಹಣಕ್ಕೆ ತಿರುಗಿಸಲಾಗದ ಬಾಬತ್ತಿಗೆ ಆ ಲೆಕ್ಕದಲ್ಲಿ ಕಲಮು ಇರಲಿಲ್ಲ. ಅವರ ತಲೆಮಾರಿನ ಯಾವ ಇಂಜಿನಿಯರನ ಲೆಕ್ಕದಲ್ಲಿಯೂ ಇರಲಿಲ್ಲವೆಂಬುದನ್ನೂ ಹೇಳಬೇಕು. ಇತ್ತ ತುಂಗೆಗೆ ಶೃಂಗೇರಿ, ಕೊಪ್ಪಗಳ ಎಲ್ಲೆಯಲ್ಲಿ ಅಂಥ ತಡೆಯಿಲ್ಲ. ೨೦೧೯ರ ಆಗಸ್ಟಿನಲ್ಲಿ ಅದು ತನ್ನ ಹಳೆಯ ಹಕ್ಕನ್ನು ಚಲಾಯಿಸಿತು. ಮುಳುಗಡೆಯ ಭದ್ರೆ ಬೇಕೋ ನೆರೆಯ ತುಂಗೆ ಬೇಕೋ ಎಂದು ಕೇಳಿದರೆ ಈ ಮೂರು ತಾಲ್ಲೂಕುಗಳಲ್ಲಿ ಒಂದೊಂದು ಮನೆಯೂ ಒಂದೊಂದು ಉತ್ತರವನ್ನು ಕೊಡುತ್ತದೆ.

ಒರಿಸ್ಸದಿಂದ ಬಂದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ತಮ್ಮ ಕಾರ್ಯಜೀವನದ ನೆನಪುಗಳನ್ನು ಇಂಗ್ಲಿಷಿನಲ್ಲಿ ಬರೆದು ೧೯೫೧ರಲ್ಲಿ ಪ್ರಕಟಿಸಿದರು. ಅದರಲ್ಲಿ ಮನೆಯ ಮಾತಿಗಿಂತ ಕೆಲಸದ ಮಾತೇ ಹೆಚ್ಚು. ತೊಂಬತ್ತು ದಾಟಿದ ವಯಸ್ಸಿನಲ್ಲಿ ಬಿಹಾರದ ಮೊಕಾಮಾದ ಬಳಿ ಗಂಗೆಗೆ ಸೇತುವೆ ಎಲ್ಲಿ ಬರಬೇಕೆಂಬುದನ್ನು ಗೊತ್ತುಮಾಡುವ ಹೊಣೆಯನ್ನು ಹೊತ್ತು ನದಿಯನ್ನು ನೋಡಲು ಹೋದರು. ಆ ಸೇತುವೆ ೧೯೫೯ರಲ್ಲಿ ತೆರೆಯಿತು. ೧೯೫೫ರಲ್ಲಿ ಭಾರತರತ್ನ ಬಂದಿತ್ತು. ೧೯೬೨ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಸಂಸ್ಕಾರ ಮುದ್ದೇನಹಳ್ಳಿಯಲ್ಲಿ ನಡೆಯಿತು. ಆ ವರ್ಷಗಳಲ್ಲಿಯೇ ಲಕ್ಕವಳ್ಳಿಯ ಹಿನ್ನೀರು ಭದ್ರೆಯ ಕಣಿವೆಗಳಲ್ಲಿ ಮಳೆಗಾಲದಿಂದ ಮಳೆಗಾಲಕ್ಕೆ ಮೇಲೇರುತ್ತ, ನರಸಿಂಹರಾಜಪುರದ ಕಡೆಯ ಗದ್ದೆಗಳ ಅಂಚನ್ನು ಮುಟ್ಟುತ್ತಿತ್ತು.